ಹೊಲದ ಅಂಚೆ: ತಿಪ್ಪೆಯ ಲೆಕ್ಕ, ಮೂಟೆಯ ಲೆಕ್ಕ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಗೊಬ್ಬರದ್ದೇ. ಮುಂಗಾರು ಹತ್ತಿರ ಬಂದು, ಯೂರಿಯಾ ಅಂಗಡಿ ಮುಂದೆ ಸಾಲು ಬೆಳೆದಾಗ ನಮ್ಮವರಿಗೆ ಸಾವಯವ ನೆನಪಾಗುವುದು ಹೊಸದೇನಲ್ಲ. ಕೇಳಿದವರ ಹೆಸರು ಹಾಕಿಲ್ಲ, ಊರಷ್ಟೇ ಹಾಕಿದ್ದೇನೆ. ಹಿಂದೊಮ್ಮೆ ಹೆಸರು ಅಚ್ಚಾದವರೊಬ್ಬರಿಗೆ ಗೊಬ್ಬರದ ಸಾಲಿನಲ್ಲಿ ಹಿಂದೆ ನಿಂತಿದ್ದವರು, "ನೀವು ಪೇಪರಿನಲ್ಲಿ ಬಂದ ಸಾವಯವದವರಲ್ವಾ, ನಿಮಗ್ಯಾಕೆ ಮೂಟೆ?" ಅಂದರಂತೆ.

ಪ್ರಶ್ನೆ: ಅಕ್ಕಾ, ನಮ್ಮದು ಎರಡು ಎಕರೆ ಬೆದ್ದಲು. ರಾಗಿ ಬಿತ್ತುತ್ತೇವೆ. ಎರಡು ಸೀಮೆಹಸು ಇವೆ. ಈ ವರ್ಷ ಯೂರಿಯಾ, ಡಿಎಪಿ ಪೂರ್ತಿ ಬಿಟ್ಟು ಬರೀ ಕಾಂಪೋಸ್ಟ್ ಹಾಕಬೇಕೆಂದಿದ್ದೇನೆ. ಎಕರೆಗೆ ಎಷ್ಟು ಹಾಕಲಿ? (ತುರುವೇಕೆರೆ ತಾಲ್ಲೂಕು)

ತಮ್ಮಾ, ಮೊದಲು ಲೆಕ್ಕ, ಆಮೇಲೆ ಆಸೆ.

ಮಳೆ ನಂಬಿದ ರಾಗಿಗೆ ಎಕರೆಗೆ 20 ಕಿಲೊ ಸಾರಜನಕ, 16 ಕಿಲೊ ರಂಜಕ, 10ರಿಂದ 15 ಕಿಲೊ ಪೊಟ್ಯಾಷ್ ಬೇಕು ಎಂಬುದು ಶಿಫಾರಸು. ಯೂರಿಯಾ ಮೂಟೆ ಈಗ 45 ಕಿಲೊ. ಅದರಲ್ಲಿ ಶೇ 46 ಸಾರಜನಕ, ಅಂದರೆ 20 ಕಿಲೊ 700 ಗ್ರಾಂ. ನಿಮ್ಮ ಒಂದು ಎಕರೆಯ ಸಾರಜನಕ 266 ರೂಪಾಯಿ 50 ಪೈಸೆಯ ಒಂದೇ ಮೂಟೆಯಲ್ಲಿ ಬಂದುಬಿಟ್ಟಿತು. ಸೈಕಲ್ ಮೇಲೆ ಹಾಕಿಕೊಂಡು ಬರಬಹುದು.

ಈಗ ತಿಪ್ಪೆಗೆ ಬನ್ನಿ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಹೆಚ್ಚುಕಡಿಮೆ ಶೇ 0.5, ಟನ್ನಿಗೆ 5 ಕಿಲೊ. ಹಾಗಾದರೆ 4 ಟನ್ ಸಾಕಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ಸಾಲದು. ಗೊಬ್ಬರದಲ್ಲಿರುವ ಸಾರಜನಕವನ್ನು ಮಣ್ಣಿನ ಜೀವಿಗಳು ಬಿಡಿಸಿ ಕೊಡಬೇಕು. ಮೊದಲ ಬೆಳೆಯ ಬಾಯಿಗೆ ಬೀಳುವುದು ಅದರ ಮೂರನೇ ಒಂದು ಪಾಲಿನಷ್ಟೇ, ಮಿಕ್ಕದ್ದು ಮುಂದಿನ ವರ್ಷಗಳದ್ದು. ಯೂರಿಯಾದ ಜಾಗವನ್ನು ಮೊದಲ ವರ್ಷವೇ ಪೂರ್ತಿ ತುಂಬಬೇಕು ಎಂದರೆ ಎಕರೆಗೆ 12 ಟನ್ ಹೊಡೆಯಬೇಕು, ಎರಡು ಎಕರೆಗೆ 24. ಎರಡು ಹಸುವಿನ ಕೊಟ್ಟಿಗೆಯಿಂದ ವರ್ಷಕ್ಕೆ ನಾಲ್ಕೈದು ಟನ್ ಮಾಗಿದ ಗೊಬ್ಬರ ಎತ್ತಿದರೆ ನೀವು ಅಚ್ಚುಕಟ್ಟಿನ ಮನುಷ್ಯ ಎಂದರ್ಥ. ಒಂದೇ ಏಟಿಗೆ ಎಲ್ಲ ಬಿಟ್ಟವರ ರಾಗಿ ಮೊದಲ ವರ್ಷ ಹಳದಿ ತಿರುಗುವುದು, ಊರವರು ನಗುವುದು, ಮರುವರ್ಷ ಅವರೇ ಎರಡು ಮೂಟೆ ಹೆಚ್ಚು ತರುವುದು, ಇಷ್ಟಕ್ಕೂ ಕಾರಣ ಈ ಲೆಕ್ಕವೇ. ಸಾವಯವದ ತಪ್ಪಲ್ಲ.

ಹಾಗೆಂದು ಮೂಟೆಯನ್ನೇ ನಂಬಿ ಅಂತಲೂ ನಾನು ಹೇಳುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಒಣಬೇಸಾಯದ ಸಂಶೋಧಕರು 1978ರಿಂದ ಒಂದೇ ಜಾಗದಲ್ಲಿ ರಾಗಿ ಬೆಳೆಯುತ್ತಾ ನೋಡಿಕೊಂಡು ಬಂದಿದ್ದಾರೆ. ಬರೀ ರಸಗೊಬ್ಬರ ತಿಂದ ತಾಕು ವರ್ಷ ಕಳೆದಂತೆ ಸೊರಗಿತು. ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರವನ್ನೂ ಪಡೆದ ತಾಕು ಇಳುವರಿಯಲ್ಲಿ ಮುಂದಿದ್ದು ಹಾಗೆಯೇ ನಿಂತಿತು. ನಮ್ಮ ಕೆಂಪು ಮಣ್ಣಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಇರುವ ನಾಲ್ಕು ಟನ್ನನ್ನು ಎರಡು ಎಕರೆಗೂ ಶಾಸ್ತ್ರಕ್ಕೆ ಎರಚದೆ, ಈ ವರ್ಷ ಒಂದೇ ಎಕರೆಗೆ ಹಾಕಿ ಅಲ್ಲಿ ಮೂಟೆಯನ್ನು ಅರ್ಧಕ್ಕೆ ಇಳಿಸುತ್ತಿದ್ದೆ. ಇನ್ನೊಂದು ಎಕರೆಗೆ ಮುಂಗಾರಿನ ಮೊದಲ ಹದಕ್ಕೇ ಅಲಸಂದೆಯನ್ನೋ ಅಪ್ಸೆಣಬನ್ನೋ ಚೆಲ್ಲಿ, ಹೂ ಬರುವ ಹೊತ್ತಿಗೆ ಮಗುಚಿ ಹಾಕಿ, ಆಮೇಲೆ ರಾಗಿ ಬಿತ್ತುತ್ತಿದ್ದೆ. ಮರುವರ್ಷ ಅದಲುಬದಲು. ರಾಗಿಯ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇರಲೇಬೇಕು. ಕೊಯ್ಯುವ ಯಂತ್ರಕ್ಕೆ ಅಡ್ಡ ಅಂತ ಅಕ್ಕಡಿ ಬಿಟ್ಟವರು ಪುಕ್ಕಟೆ ಸಾರಜನಕವನ್ನೂ ಹುಳಿಗೆ ಬೇಳೆಯನ್ನೂ ಒಟ್ಟಿಗೇ ಕಳೆದುಕೊಂಡಿದ್ದಾರೆ.

ಇನ್ನೊಂದು ವಿಷಯ, ಇದು ನೀವು ಕೇಳದೇ ಇದ್ದದ್ದು. ನಿಮ್ಮ ಕೊಟ್ಟಿಗೆಯ ನೆಲ ಸಿಮೆಂಟಿನದ್ದಾಗಿದ್ದು, ಗಂಜಲ ಚರಂಡಿಗೆ ಹೋಗುತ್ತಿದೆಯೇ ನೋಡಿ. ರಾಗಿ ಎಳೆದುಕೊಂಡ ಪೊಟ್ಯಾಷಿನಲ್ಲಿ ಬಹುಪಾಲು ಹುಲ್ಲಿನಲ್ಲಿರುತ್ತದೆ. ಹುಲ್ಲು ತಿಂದ ಹಸು ಅದನ್ನು ಹೊರಹಾಕುವುದು ಹೆಚ್ಚಾಗಿ ಗಂಜಲದಲ್ಲೇ. ಬೇಗ ಸಿಗುವ ಸಾರಜನಕವೂ ಅಲ್ಲೇ ಇದೆ. ಸಗಣಿ ಮಾತ್ರ ಬಾಚಿ ಗಂಜಲ ಹರಿಯಬಿಟ್ಟರೆ ಗೊಬ್ಬರದ ಸಾರ ಚರಂಡಿಗೆ, ಚರಟ ಹೊಲಕ್ಕೆ. ಹಸುವಿನ ಕಾಲಡಿಗೆ ಒಣಗಿದ ಎಲೆ, ರಾಗಿ ಹೊಟ್ಟು, ಏನೂ ಇಲ್ಲದಿದ್ದರೆ ಒಣ ಕೆರೆಗೋಡು ಹಾಸಿ, ಅದು ಗಂಜಲ ಹೀರಿದ ಮೇಲೆ ತಿಪ್ಪೆಗೆ ಎಳೆಯಿರಿ.

ಹೊಲಕ್ಕೆ ಹೊಡೆದ ಗೊಬ್ಬರವನ್ನು ಗುಪ್ಪೆ ಗುಪ್ಪೆಯಾಗಿ ಯುಗಾದಿಯಿಂದ ಆರಿದ್ರೆ ಮಳೆಯವರೆಗೆ ಬಿಸಿಲಿಗೆ ಬಿಡುವ ಅಭ್ಯಾಸ ನಿಮ್ಮ ಕಡೆಯೂ ಉಂಟು, ಬಸ್ಸಿನಿಂದ ನೋಡಿದ್ದೇನೆ. ಬಿಸಿಲಿಗೆ ಸಾರಜನಕ ಗಾಳಿಗೆ ಹೋಗುತ್ತದೆ. ಬೆಳಿಗ್ಗೆ ಎರಚಿದ್ದನ್ನು ಸಂಜೆಯೊಳಗೆ ಉತ್ತು ಮುಚ್ಚಿ.

ಪ್ರಶ್ನೆ: ತೆಂಗಿನ ತೋಟದಲ್ಲೇ ತಿಪ್ಪೆ ಇದೆ. ಅಗೆದಾಗ ಹೆಬ್ಬೆರಳು ಗಾತ್ರದ ಬಿಳಿ ಹುಳು ರಾಶಿ. ಎಳೆಯ ಗಿಡಗಳ ಗರಿ ಕತ್ತರಿ ಹಾಕಿದ ಹಾಗೆ ಕಾಣುತ್ತದೆ. ಸಾವಯವ ಗೊಬ್ಬರದಿಂದಲೇ ರೋಗ ಬಂತು ಎಂದು ಮಗ ಹೇಳುತ್ತಾನೆ. (ಅರಸೀಕೆರೆ)

ನಿಮ್ಮ ಮಗ ಅರ್ಧ ಸರಿ. ಗರಿ ಬಿಚ್ಚಿದಾಗ ಬೀಸಣಿಗೆಯಂತೆ ಮೂಲೆ ಮೂಲೆಯಾಗಿ ಕತ್ತರಿಸಿದ್ದರೆ ಅದು ಸುಳಿ ಕೊರೆಯುವ ಖಡ್ಗಮೃಗ ದುಂಬಿಯ ಕೆಲಸ. ತಲೆಯ ಮೇಲೆ ಒಂದು ಕೊಂಬು ಇರುತ್ತದೆ. ದುಂಬಿ ಕೊರೆಯುವುದು ಸುಳಿಯನ್ನು, ಮೊಟ್ಟೆ ಇಡುವುದು ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬುಡದಲ್ಲಿ. ನಿಮ್ಮ ತೋಟದಲ್ಲಿ ಊಟದ ಮನೆಯೂ ಬಾಣಂತಿಯ ಕೋಣೆಯೂ ಅಕ್ಕಪಕ್ಕದಲ್ಲೇ ಇವೆ. ಆ ಬಿಳಿ ಹುಳು ತೆಂಗಿನ ಬೇರು ತಿನ್ನುವುದಿಲ್ಲ, ಕೊಳೆತದ್ದನ್ನು ತಿಂದು ಬೆಳೆಯುತ್ತದೆ. ಹೊಲದಲ್ಲಿ ಶೇಂಗಾ, ಕಬ್ಬಿನ ಬೇರು ಕಡಿಯುವ ಗೊಣ್ಣೆಹುಳು ಬೇರೆ ಜಾತಿ. ಎರಡೂ ಕೊಕ್ಕೆಯಂತೆ ಮುದುರಿಕೊಂಡಿರುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ.

ತಿಪ್ಪೆಯನ್ನು ತಿಂಗಳಿಗೊಮ್ಮೆಯಾದರೂ ಮಗುಚಿ. ಮಗುಚುವ ದಿನ ಕೋಳಿಗಳನ್ನು ಬಿಡಿ, ನೀವು ಹುಳು ಆರಿಸುವುದೇ ಬೇಡ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರದ ಪುಡಿ ಸಿಗುತ್ತದೆ. ಅದನ್ನು ನೀರಿನಲ್ಲಿ ಕಲಸಿ ತೇವ ಇರುವ ತಿಪ್ಪೆಗೆ ಸುರಿದರೆ ಮರಿಹುಳುಗಳಿಗೆ ರೋಗ ಹತ್ತುತ್ತದೆ. ಗಿಡಗಳಿಗೆ ಬೇವಿನ ಹಿಂಡಿ ಪುಡಿ 250 ಗ್ರಾಂ, ಅಷ್ಟೇ ಮರಳು ಬೆರೆಸಿ ಸುಳಿಯ ಕೆಳಗಿನ ಮೂರು ಗರಿಗಳ ಕಂಕುಳಿಗೆ ತುಂಬಿ, ವರ್ಷಕ್ಕೆ ಮೂರು ಸಲ. ತಡ ಮಾಡಬೇಡಿ. ಈ ದುಂಬಿ ಕೊರೆದ ತೂತಿನ ವಾಸನೆಗೆ ಕೆಂಪುಮೂತಿ ಹುಳು ಬರುತ್ತದೆ, ಅದು ಬಂದರೆ ಗಿಡವೇ ಹೋಗುತ್ತದೆ.

ತಿಪ್ಪೆ ಸರಿಯಾಗಿ ಕಾದಿದ್ದರೆ ಇಷ್ಟು ಹುಳು ಇರುವುದಿಲ್ಲ. ರಾಶಿಯ ಮಧ್ಯಕ್ಕೆ ಕಬ್ಬಿಣದ ಹಾರೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಒಳಗೆ 55–60 ಡಿಗ್ರಿ ಕಾವು ಇದೆ, ಕಳೆಬೀಜ ಕೂಡ ಸಾಯುತ್ತದೆ. ತಣ್ಣಗಿದ್ದರೆ ಒಂದೋ ಒಣಗಿದೆ, ಇಲ್ಲ ಬರೀ ಸೊಪ್ಪುಸದೆ ತುಂಬಿ ಸಗಣಿ ಕಡಿಮೆಯಾಗಿದೆ.

ಪ್ರಶ್ನೆ: ಊರ ಪಕ್ಕದ ನಾರಿನ ಫ್ಯಾಕ್ಟರಿಯಲ್ಲಿ ತೆಂಗಿನ ನಾರಿನ ಪುಡಿ ಬೆಟ್ಟದಂತೆ ಬಿದ್ದಿದೆ. ಸಾಗಿಸಿಕೊಂಡರೆ ಸಾಕು, ದುಡ್ಡು ಬೇಡ ಎನ್ನುತ್ತಾರೆ. ಹೊಲಕ್ಕೆ ಹೊಡೆಸಬಹುದೇ? (ತಿಪಟೂರು)

ನಮ್ಮೂರಿನವರೇ! ನಾನೂ ತಂದವಳೇ, ಆದರೆ ನೇರ ಹೊಲಕ್ಕಲ್ಲ. ಹಸಿ ಪುಡಿಯಲ್ಲಿ ಇಂಗಾಲ ಸಾರಜನಕದ ನೂರು ಪಟ್ಟಿಗೂ ಮೇಲೆ, ಹತ್ತಿರ ಹತ್ತಿರ 112ಕ್ಕೆ 1. ಇಂಥದ್ದನ್ನು ಉತ್ತು ಮಣ್ಣಿಗೆ ಸೇರಿಸಿದರೆ ಅದನ್ನು ಕೊಳೆಸಲು ಹೊರಟ ಜೀವಿಗಳು ನಿಮ್ಮ ರಾಗಿಯ ಪಾಲಿನ ಸಾರಜನಕವನ್ನೇ ಎತ್ತಿಕೊಳ್ಳುತ್ತವೆ. ಬೆಳೆ ಹಳದಿಯಾಗುತ್ತದೆ. ಸಾಲದ್ದಕ್ಕೆ ಅದರ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅಂಶ, ಬೇಗ ಕರಗುವ ಜಾತಿಯಲ್ಲ.

ಅದನ್ನು ಪಳಗಿಸುವ ದಾರಿ ಅಣಬೆ. ಒಂದು ಟನ್ ಪುಡಿಗೆ ಒಂದೂವರೆ ಕಿಲೊ ಪ್ಲೂರೋಟಸ್ ಅಣಬೆ ಬೀಜ, 5 ಕಿಲೊ ಯೂರಿಯಾ. ನೆರಳಿನಲ್ಲಿ 100 ಕಿಲೊ ಪುಡಿಯ ಒಂದು ಪದರ ಹರಡಿ ಅಣಬೆ ಬೀಜ ಚೆಲ್ಲಿ, ಮೇಲೆ ಇನ್ನೊಂದು ಪದರ ಹರಡಿ ಯೂರಿಯಾ, ಹೀಗೆ ಹತ್ತು ಪದರ ಬರುವವರೆಗೆ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ಒದ್ದೆಯಾಗಬೇಕು. ಎರಡು ತಿಂಗಳಲ್ಲಿ ಕಪ್ಪಾಗುತ್ತದೆ, ಆ ಅನುಪಾತ 24ಕ್ಕೆ 1ರ ಸುತ್ತ ಇಳಿಯುತ್ತದೆ.

ಸಾವಯವ ಗೊಬ್ಬರ ಮಾಡಲು ಯೂರಿಯಾ ಏಕೆ ಎಂದು ಯಾರಾದರೂ ಹುಬ್ಬೇರಿಸಿದರೆ, ಏರಿಸಲಿ. ನನಗೆ ಅದರಲ್ಲಿ ಮಡಿ ಮೈಲಿಗೆ ಇಲ್ಲ. ನೀವು ಸಾವಯವ ಪ್ರಮಾಣಪತ್ರಕ್ಕೆ ಹೊರಟಿದ್ದರೆ ಮಾತ್ರ ಯೂರಿಯಾ ಮುಟ್ಟುವಂತಿಲ್ಲ; ಅದರ ಬದಲು ಹಸಿ ಸಗಣಿಯನ್ನೋ ಗೊಬ್ಬರದ ಗಿಡದ ಸೊಪ್ಪನ್ನೋ ಬೆರೆಸಿ, ಸಮಯ ಹೆಚ್ಚು ಕೊಡಿ. ಇಷ್ಟೆಲ್ಲ ರಗಳೆ ಬೇಡ ಎಂದರೆ ಹಸಿ ಪುಡಿಯನ್ನು ತೆಂಗಿನ ಬುಡದ ಸುತ್ತ ಹೊದಿಕೆಯಾಗಿ ಹರಡಿ, ಮಣ್ಣಿನಲ್ಲಿ ಬೆರೆಸಬೇಡಿ. ತನ್ನ ತೂಕದ ಐದು ಪಟ್ಟಿಗೂ ಹೆಚ್ಚು ನೀರು ಹಿಡಿಯುತ್ತದೆ, ಕೊಳವೆಬಾವಿ ಉಸಿರು ಕಟ್ಟುವ ಏಪ್ರಿಲ್ಲಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ಎಕರೆಗೆ 200 ಲೀಟರ್ ಜೀವಾಮೃತ ಕೊಟ್ಟರೆ ಬೇರೆ ಯಾವ ಗೊಬ್ಬರವೂ ಬೇಡವಂತೆ, ನಿಜವೇ? (ಹಿರಿಯೂರು)

ಆ 200 ಲೀಟರಿಗೆ ನೀವು ಹಾಕುವುದು 10 ಕಿಲೊ ಸಗಣಿ, ಹತ್ತು ಲೀಟರಿನಷ್ಟು ಗಂಜಲ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಇಷ್ಟರಲ್ಲಿ 20 ಕಿಲೊ ಸಾರಜನಕ ಎಲ್ಲಿಂದ ಬರಬೇಕು? ಅದು ಜೀವಾಣುಗಳನ್ನು ಹೆಚ್ಚಿಸುವ ದ್ರವ, ಆ ಕೆಲಸ ಮಾಡುತ್ತದೆ. ಆದರೆ ಹೆಪ್ಪು ಹಾಕಿದ ಮಾತ್ರಕ್ಕೆ ಮೊಸರಾಗುವುದಿಲ್ಲ, ಪಾತ್ರೆಯಲ್ಲಿ ಹಾಲೂ ಇರಬೇಕು. ಹೊಲದಲ್ಲಿ ಹೊದಿಕೆ, ಸೊಪ್ಪು, ಗೊಬ್ಬರ ಬಿದ್ದಿದ್ದರೆ ಜೀವಾಮೃತ ಕೊಡಿ. ಬೋಳು ಹೊಲಕ್ಕೆ ಕೊಟ್ಟು ಕಾಯಬೇಡಿ.

ಪ್ರಶ್ನೆ: ಕೃಷಿ ಡಿಪ್ಲೊಮಾ ಓದುತ್ತಿದ್ದೇನೆ. ಇಂದೋರ್ ಪದ್ಧತಿ, ಬೆಂಗಳೂರು ಪದ್ಧತಿ, ನಡೆಪ್ ಇವುಗಳಲ್ಲಿ ರೈತನಿಗೆ ಯಾವುದು ಒಳ್ಳೆಯದು? (ಹಾಸನ)

ಪರೀಕ್ಷೆಗೆ ಬೇಕಾದದ್ದನ್ನು ಮೊದಲು ಹೇಳುತ್ತೇನೆ. ಇಂಗ್ಲೆಂಡಿನ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕೂತು ರೂಪಿಸಿದ್ದು ಇಂದೋರ್ ಪದ್ಧತಿ: ಕಸಕಡ್ಡಿ, ಸಗಣಿ, ಗಂಜಲ ನೆನೆದ ಮಣ್ಣು, ಬೂದಿ ಪದರ ಪದರವಾಗಿ, ಗಾಳಿ ಸಿಗಲೆಂದು ಆಗಾಗ ಮಗುಚಬೇಕು, ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ. ಬೆಂಗಳೂರು ಪದ್ಧತಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ್ದು, ಪಟ್ಟಣದ ಕಸ ಮತ್ತು ಮಲವನ್ನು ಗೊಬ್ಬರ ಮಾಡುವುದಕ್ಕಾಗಿ. ಗುಂಡಿ ತುಂಬಿ ಮಣ್ಣಿನಿಂದ ಮುಚ್ಚಿ ಬಿಟ್ಟರಾಯಿತು, ಮಗುಚುವುದಿಲ್ಲ, ಆರರಿಂದ ಎಂಟು ತಿಂಗಳು ಬೇಕು. ನಡೆಪ್ ಎಂಬುದು ಮಹಾರಾಷ್ಟ್ರದ ನಾರಾಯಣ ದೇವರಾವ್ ಪಾಂಢರಿಪಾಂಡೆ ಅವರ ಹೆಸರಿನ ಮೊದಲಕ್ಷರಗಳು. 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ, ಗೋಡೆಯಲ್ಲಿ ಕಿಂಡಿ ಬಿಟ್ಟ ಇಟ್ಟಿಗೆ ತೊಟ್ಟಿ.

ರೈತನಿಗೆ ಯಾವುದು ಒಳ್ಳೆಯದು ಎಂಬುದು ಆಳಿನ ಕೂಲಿ ಮತ್ತು ನೀರಿನ ಮೇಲೆ ನಿಂತಿದೆ. ಇಂದೋರ್ ರಾಶಿ ಬೇಗ ಆಗುತ್ತದೆ, ಆದರೆ ಮಗುಚುವವರು ಯಾರು? ನಮ್ಮ ಕಡೆ ಕಳೆ ಕೀಳಲೂ ಆಳಿಲ್ಲ. ನಾನು ಹೊಂಗೆ ಮರದ ನೆರಳಿನ ಗುಂಡಿಯಲ್ಲಿ ಬೆಂಗಳೂರು ಪದ್ಧತಿಗೆ ಹತ್ತಿರದ್ದನ್ನೇ ಮಾಡುವುದು. ಮಣ್ಣು ಮುಚ್ಚಿರುವುದರಿಂದ ನೀರು ಕಡಿಮೆ ಸಾಕು, ಸಾರಜನಕವೂ ಅಷ್ಟು ಹಾರಿಹೋಗುವುದಿಲ್ಲ. ಸಬ್ಸಿಡಿಗೆಂದು ಕಟ್ಟಿಸಿದ ತೊಟ್ಟಿಗಳಲ್ಲಿ ಸೌದೆ ಒಟ್ಟಿರುವುದನ್ನು ಮಾತ್ರ ಎಷ್ಟೋ ಊರಲ್ಲಿ ಕಂಡಿದ್ದೇನೆ. ಇದನ್ನು ಪರೀಕ್ಷೆಯಲ್ಲಿ ಬರೆಯಬೇಡಿ.

ಪ್ರಶ್ನೆ: ಶ್ರೀಲಂಕಾ ಸಾವಯವಕ್ಕೆ ಹೋಗಿ ಮುಳುಗಿತು ಎನ್ನುತ್ತಾರೆ. ಹಾಗಿದ್ದೂ ನೀವೇಕೆ ಕಾಂಪೋಸ್ಟ್ ಎನ್ನುತ್ತೀರಿ? (ಮೈಸೂರು)

2021ರ ಏಪ್ರಿಲ್–ಮೇನಲ್ಲಿ ಅಲ್ಲಿ ರಸಗೊಬ್ಬರದ ಆಮದನ್ನೇ ನಿಲ್ಲಿಸಿದರು, ನವೆಂಬರಿನಲ್ಲಿ ಹಿಂದೆ ಸರಿದರು. ಆ ಹಂಗಾಮಿನಲ್ಲಿ ಭತ್ತದ ಇಳುವರಿ ಕುಸಿಯಿತು. ತುರುವೇಕೆರೆಯ ತಮ್ಮನಿಗೆ ಮೇಲೆ ಕೊಟ್ಟ ಲೆಕ್ಕವನ್ನು ಇಡೀ ದೇಶಕ್ಕೆ ಹಾಕಿ ನೋಡಿ: ಮೂಟೆ ನಿಂತಿತು, ಅದರ ಜಾಗಕ್ಕೆ ಬೇಕಾದ ಟನ್ನುಗಟ್ಟಲೆ ಗೊಬ್ಬರ ಎಲ್ಲೂ ಇರಲಿಲ್ಲ. ಅವರ ಆರ್ಥಿಕ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ನಮ್ಮ ರಾಜ್ಯ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು, ಆದರೆ ಯಾರ ಮೂಟೆಯನ್ನೂ ಕಿತ್ತುಕೊಳ್ಳಲಿಲ್ಲ.

ಪ್ರಶ್ನೆ: ಚೀಲದಲ್ಲಿ ಬರುವ ಸಾವಯವ ಗೊಬ್ಬರ ಕೊಂಡೆ. ಗಾಜಿನ ಚೂರು, ಪ್ಲಾಸ್ಟಿಕ್ ಇತ್ತು, ವಾಸನೆ ಬೇರೆ. ಮೋಸ ಹೋಗದಿರಲು ಏನು ನೋಡಬೇಕು? (ಚಿಕ್ಕಬಳ್ಳಾಪುರ)

ಮಾಗಿದ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಮೂಗಿಗೆ ಅಮೋನಿಯಾ ಹೊಡೆದರೆ ಇನ್ನೂ ಬೇಯುತ್ತಿದೆ ಎಂದರ್ಥ. ಒಂದು ಹಿಡಿಯನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು ಒಂದು ವಾರ ಬಿಟ್ಟು ತೆರೆಯಿರಿ, ನಾರಿದರೆ ಹಿಂದಿರುಗಿಸಿ. ಇನ್ನೊಂದು ಹಿಡಿಯಲ್ಲಿ ಮೆಂತ್ಯ ಬಿತ್ತಿ ನೋಡಿ, ಮೊಳಕೆ ಸುಟ್ಟರೆ ಗೊಬ್ಬರ ಹಸಿ. ಸಾವಯವ ಗೊಬ್ಬರವೂ 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿದೆ, ತೇವಾಂಶ, ಇಂಗಾಲ, ಭಾರಲೋಹ ಎಲ್ಲಕ್ಕೂ ಮಿತಿ ಇದೆ. ಚೀಲದ ಮೇಲೆ ಏನೂ ಅಚ್ಚಾಗಿಲ್ಲದಿದ್ದರೆ, ಬಿಲ್ ಕೊಡಲೂ ಹಿಂದೆಮುಂದೆ ನೋಡಿದರೆ ಅಂಗಡಿಯ ಮೆಟ್ಟಿಲು ಇಳಿಯಿರಿ. ಒದ್ದೆ ಚೀಲ ಕೊಂಡರೆ ಗೊಬ್ಬರದ ಬೆಲೆಗೆ ನೀರು ಕೊಂಡ ಹಾಗೆಯೇ.

ಪ್ರಶ್ನೆ: ಯಜಮಾನರು ಸಾವಯವಕ್ಕೆ ಹೋಗೋಣ ಎಂದು ತರಬೇತಿಗೆಲ್ಲ ಹೋಗಿ ಬಂದಿದ್ದಾರೆ. ಸಗಣಿ ಬಾಚುವುದು, ಮಂಕರಿ ಹೊರುವುದು, ಎರೆಹುಳಕ್ಕೆ ನೀರು ಚಿಮುಕಿಸುವುದು ಎಲ್ಲ ನಾನೇ. ಯೂರಿಯಾ ಆದರೆ ಅವರೇ ಎರಚಿ ಬರುತ್ತಿದ್ದರು. ನಾನು ಬೇಡ ಎಂದರೆ ತಪ್ಪೇ ಅಕ್ಕಾ? (ಗುಬ್ಬಿ ತಾಲ್ಲೂಕು)

ತಪ್ಪಲ್ಲ ತಾಯಿ. ಸಾವಯವದ ಸಭೆಗಳಲ್ಲಿ ಮಣ್ಣಿನ ಆರೋಗ್ಯದ ಬಗ್ಗೆ ಗಂಟೆಗಟ್ಟಲೆ ಕೇಳಿದ್ದೇನೆ, ಹೊರುವವರ ಸೊಂಟದ ಬಗ್ಗೆ ಒಂದು ಮಾತು ಕೇಳಿಲ್ಲ. ಮಂಕರಿಗೆ 20 ಕಿಲೊ ಎಂದರೂ ಎಕರೆಯ 4 ಟನ್ನಿಗೆ ನಿಮ್ಮ ತಲೆಯ ಮೇಲೆ ಇನ್ನೂರು ಮಂಕರಿ. ಯಜಮಾನರಿಗೆ ಮೊದಲು ಈ ಅಂಕಿ ಹೇಳಿ, ಆಮೇಲೆ ಮುಂದಿನದ್ದನ್ನು ಓದಿಸಿ.

ಗೊಬ್ಬರವನ್ನು ಹೊರದೆ ಭೂಮಿಗೆ ಸೇರಿಸುವ ದಾರಿಗಳನ್ನು ಮೊದಲು ಹಿಡಿಯಬೇಕು. ಅಪ್ಸೆಣಬು ಎಕರೆಗೆ 10–12 ಕಿಲೊ ಬೀಜ ಸಾಕು, ಒಂದು ಕೈಚೀಲದಲ್ಲಿ ಹೋಗುತ್ತದೆ. ಹದ ಮಳೆಯಾದರೆ ಹೂ ಬರುವ ಹೊತ್ತಿಗೆ 5 ಟನ್ನಿನಷ್ಟು ಹಸಿರು ನಿಂತ ಜಾಗದಲ್ಲೇ ಸಿಗುತ್ತದೆ, ಮಗುಚುವುದು ಟ್ರ್ಯಾಕ್ಟರ್ ಕೆಲಸ. ಸಾರಜನಕದಲ್ಲಿ ಅದು ಒಂದು ಮೂಟೆ ಯೂರಿಯಾಕ್ಕೆ ಹತ್ತಿರ. ತೋಟದಲ್ಲಿ ಬಿದ್ದ ಗರಿ, ಸಿಪ್ಪೆಯನ್ನು ಮನೆಗೆ ಎಳೆದು ತಂದು ಕೊಳೆಸಿ ಮತ್ತೆ ತೋಟಕ್ಕೆ ಹೊರುವುದು ಯಾವ ನ್ಯಾಯ? ತುಂಡು ಮಾಡಿ ಮರಗಳ ನಡುವೆ ಬಿದ್ದಲ್ಲೇ ಹರಡಿ. ಸುಗ್ಗಿ ಮುಗಿದ ಮೇಲೆ ಕುರಿಯವರು ಬಂದಾಗ ಮಂದೆ ತರುಬಿಸಿ. ರಾತ್ರಿಗಿಷ್ಟು ಎಂದು ದುಡ್ಡನ್ನೋ ರಾಗಿಯನ್ನೋ ಕೊಟ್ಟರಾಯಿತು. ಹಿಕ್ಕೆ, ಗಂಜಲ ಎರಡೂ ನಾಲ್ಕು ಕಾಲಿನ ಮೇಲೆ ಹೊಲಕ್ಕೆ ಬರುತ್ತವೆ. ಮರುದಿನವೇ ಉಳುಮೆ ಮಾಡಿಸಿದರೆ ಪೂರ್ತಿ ದಕ್ಕುತ್ತದೆ.

ಇಷ್ಟಾದ ಮೇಲೂ ಕೊಟ್ಟಿಗೆಯ ಸಗಣಿ ಇದ್ದೇ ಇದೆ. ಗುಂಡಿಯನ್ನು ಕೊಟ್ಟಿಗೆಯ ಇಳಿಜಾರಿನ ಕಡೆಗೆ, ಸನಿಕೆಯಲ್ಲಿ ತಳ್ಳಿದರೆ ಬೀಳುವಷ್ಟು ಹತ್ತಿರ ತೆಗೆಸಿ, ಗಂಜಲದ ಕಾಲುವೆಯೂ ಅದಕ್ಕೇ ಬೀಳಲಿ. ಬಹಳ ಮನೆಗಳಲ್ಲಿ ತಿಪ್ಪೆ ಊರಾಚೆ ಇರುತ್ತದೆ. ಹೊರುವವರನ್ನು ಕೇಳಿ ಜಾಗ ಗೊತ್ತು ಮಾಡಿದ್ದರೆ ಅದು ಅಷ್ಟು ದೂರ ಹೋಗುತ್ತಿರಲಿಲ್ಲ. ಎರೆಹುಳದ ತೊಟ್ಟಿ ಸದ್ಯಕ್ಕೆ ಬೇಡವೇ ಬೇಡ. ಅದು ದಿನವೂ ನೀರು, ನೆರಳು, ಇರುವೆ ಕಾಯುವ ಕೆಲಸ, ಯಜಮಾನರು ತಾವೇ ನೋಡಿಕೊಳ್ಳುವುದಾದರೆ ಮಾತ್ರ ಕಟ್ಟಿಸಲಿ.

ಮಂಕರಿಯ ಬದಲು ಒಂಟಿ ಗಾಲಿಯ ತಳ್ಳುಗಾಡಿ ತರಿಸಿ. ಮೂರು ಮಂಕರಿಯಷ್ಟು ಒಂದೇ ಸಲಕ್ಕೆ ಹೋಗುತ್ತದೆ, ತಲೆಯ ಮೇಲೆ ಭಾರವಿಲ್ಲ. ಗಾಳಿ ತುಂಬುವ ಟೈರಿನದ್ದೇ ಕೊಳ್ಳಿ, ಗಟ್ಟಿ ರಬ್ಬರಿನ ಸಣ್ಣ ಗಾಲಿ ಉತ್ತ ಹೊಲದಲ್ಲಿ ಹೂತುಕೊಳ್ಳುತ್ತದೆ.